ಮನೆ ಕಂಪ್ಯೂಟರ್‌ಗೆ ಯಾವ ವಿಶ್ವಕೋಶ ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಮಕ್ಕಳ ಪ್ರಾಜೆಕ್ಟ್‌ಗೆ ಯಾವ ವಿಶ್ವಕೋಶ ಒಳ್ಳೇದು ಅಂತ ಸುಮಾರು ಜನ ಕೇಳಿದ್ದೀರಿ. ಒಟ್ಟಿಗೇ ಹೇಳಿಬಿಡುತ್ತೇನೆ.

ಹಳೇ ಎನ್‌ಕಾರ್ಟಾ ಸಿಡಿ ಯಾರಾದರೂ ಸುಮ್ನೆ ಕೊಟ್ಟರೂ ಬೇಡ ಅನ್ನಿ. ಮೈಕ್ರೋಸಾಫ್ಟ್ ಅದನ್ನು 2009ರಲ್ಲೇ ನಿಲ್ಲಿಸಿತು. ಅದರಲ್ಲಿ ತೆಲಂಗಾಣ ರಾಜ್ಯವೇ ಹುಟ್ಟಿಲ್ಲ! ಬ್ರಿಟಾನಿಕಾ ಚೆನ್ನಾಗಿದೆ, ಆದರೆ ಪೂರ್ತಿ ಓದಲು ಚಂದಾ ಕಟ್ಟಬೇಕು.

ನನ್ನ ಮಟ್ಟಿಗೆ ಕಿವಿಕ್ಸ್ ಅನ್ನುವ ಸಾಫ್ಟ್‌ವೇರ್ ಸಾಕು. ದುಡ್ಡಿಲ್ಲ. ವಿಕಿಪೀಡಿಯವೇ ಒಂದು ಫೈಲಾಗಿ ಇಳಿಯುತ್ತದೆ, ಆಮೇಲೆ ನೆಟ್ ಬೇಡ. ಓದುವ ನೆಪದಲ್ಲಿ ಯೂಟ್ಯೂಬ್‌ಗೆ ಜಾರುವುದೂ ತಪ್ಪುತ್ತದೆ. ಇಂಗ್ಲಿಷಿನದು ಚಿತ್ರಗಳ ಸಮೇತ ಸುಮಾರು 100 ಜಿಬಿ, ಚಿತ್ರ ಬಿಟ್ಟರೆ ಹೆಚ್ಚುಕಡಿಮೆ ಅರ್ಧ. ಕನ್ನಡದ್ದು ತುಂಬಾ ಚಿಕ್ಕದು, ಮೊದಲು ಅದನ್ನೇ ಹಾಕಿ ನೋಡಿ.

ಇಂಗ್ಲಿಷಿನದನ್ನು ಪೆನ್‌ಡ್ರೈವ್‌ನಲ್ಲಿ ತರುವವರು ಗಮನಿಸಿ. ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ ಎಷ್ಟೇ ಜಾಗ ಖಾಲಿ ಇದ್ದರೂ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿ ಆಗುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಗೀಟೋ ಇದ್ದರೆ ಮೊದಲು ಬೇರೆ ಕಡೆ ಇಟ್ಟುಕೊಳ್ಳಿ.

ಹಾಕಿದ ಮೇಲೆ ಮಕ್ಕಳ ಕೈಲಿ ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗ, ಶಿರಾ ಅಂತ ಹುಡುಕಿಸಿ. ನಾವು ನೋಡಿರುವ ಜಾಗ, ಬರೆದದ್ದು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ, ಅಲ್ವಾ? ಇಳಿಸಿಕೊಂಡ ಫೈಲ್ ತಾನಾಗಿ ಹೊಸದಾಗುವುದಿಲ್ಲ. ವರ್ಷಕ್ಕೊಮ್ಮೆ ಹೊಸದು ಇಳಿಸಿ.

ಕನ್ನಡದ ಫೈಲ್ ನನ್ನ ಹತ್ತಿರ ಇದೆ. ಬಟವಾಡಿ, ಎಸ್.ಎಸ್. ಪುರಂ ಕಡೆಯವರು ಭಾನುವಾರ ಸಂಜೆ ಪೆನ್‌ಡ್ರೈವ್ ತನ್ನಿ. ಬರುವ ಮುಂಚೆ ಒಂದು ಮೆಸೇಜ್ ಹಾಕಿ.