ನೀರು ನಿಲ್ಲದ ನದಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಡಿಸ್ನಿಲ್ಯಾಂಡನ್ನು ಹೇಗೆ ಕಟ್ಟಿದರು ಅಂತ ಕೇಳಿದ್ದೆಯಲ್ಲ. ಕೋಟೆ, ಗೊಂಬೆಗಳ ಕಥೆ ಎಲ್ಲಿ ಬೇಕಾದರೂ ಸಿಗುತ್ತೆ. ನೀನು ಸಿವಿಲ್ ಓದುವವಳು, ಮಣ್ಣಿನ ಕಥೆ ಹೇಳ್ತೀನಿ.

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಸುಮಾರು 160 ಎಕರೆ ಜಾಗ, ಹೆಚ್ಚಿನದು ಕಿತ್ತಳೆ ತೋಟ. 1954ರ ಜುಲೈನಲ್ಲಿ ಕೆಲಸ ಹಿಡಿದರು, 1955ರ ಜುಲೈ 17ಕ್ಕೆ ಬಾಗಿಲು ತೆರೆದರು. ಬಂಡವಾಳ ಹಾಕಿದ್ದ ಎಬಿಸಿ ಟಿವಿಯಲ್ಲಿ ಅವತ್ತು ನೇರ ಪ್ರಸಾರ, ಹಾಗಾಗಿ ತಾರೀಕು ಮುಂದೂಡೋ ಮಾತೇ ಇಲ್ಲ. ಉಸ್ತುವಾರಿ ನೌಕಾಪಡೆಯ ನಿವೃತ್ತ ಅಡ್ಮಿರಲ್ ಜೋ ಫೌಲರ್ ಅವರದು.

ಒಳಗೆ ನಿಂತವರಿಗೆ ಹೊರಗಿನ ರಸ್ತೆ, ಕರೆಂಟು ಕಂಬ ಕಾಣಬಾರದು. ಅದಕ್ಕೆ ಸುತ್ತಲೂ ಮಣ್ಣಿನ ಏರಿ ಹಾಕಿ, ಮೇಲೆ ಮೂರಡಿ ಗೇಜಿನ ರೈಲು ಓಡಿಸಿದರು. ಒಳಗೆ ಹಡಗು ಓಡಾಡೋ ಕೃತಕ ನದಿಗೆಂದು ತೋಡಿದ ಮಣ್ಣು ಆ ಏರಿಗಾಯಿತು. ಲೆಕ್ಕ ಚೊಕ್ಕ. ಆದರೆ ನದಿ ಕೈಕೊಟ್ಟಿತು.

ಅದು ಮರಳು ಮಣ್ಣು. ಕಿತ್ತಳೆ ಬೇರಿನ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತೆ, ತೋಟಕ್ಕೆ ಇಂಥ ಮಣ್ಣೇ ಬೇಕು. ನದಿಗೆ ನೀರು ಬಿಟ್ಟರೆ ಬಿಟ್ಟ ಹಾಗೇ ಇಂಗಿಹೋಯ್ತು. ಕೊನೆಗೆ ತಳಕ್ಕೆ ಜೇಡಿಮಣ್ಣು ಹಾಸಿದ ಮೇಲೆ ನಿಂತಿತು. ಈ ಕೆಲಸದ ಮರ್ಮ ಪದರದ ದಪ್ಪದಲ್ಲಿ, ತೇವದಲ್ಲಿದೆ. ಅರ್ಧ ಅಡಿಗಿಂತ ದಪ್ಪ ಪದರ ಹಾಕಿದರೆ ರೋಲರ್ ಒತ್ತಡ ತಳಕ್ಕೆ ಮುಟ್ಟಲ್ಲ. ನಿಮ್ಮ ಲ್ಯಾಬಿನಲ್ಲಿ ಅತಿ ಹೆಚ್ಚು ಸಾಂದ್ರತೆ ಕೊಡುವ ತೇವಾಂಶ ತೆಗೀತೀರಲ್ಲ, ಅದಕ್ಕಿಂತ ಚೂರು ಹಸಿಯಾಗಿಯೇ ಬಡಿಯಬೇಕು. ಒಣ ಹೆಂಟೆ ಉಳಿದರೆ ಹೆಂಟೆಗಳ ಸಂದಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತೆ. ಹಾಸಿದ ಮೇಲೆ ಬಿಸಿಲಿಗೆ ಬಿಟ್ಟರೆ ಬಿರುಕು, ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಆ ನದಿಗೆ 105 ಅಡಿ ಉದ್ದದ ಮಾರ್ಕ್ ಟ್ವೇನ್ ಹಡಗು. ತಳಭಾಗ ಹಡಗುಕಟ್ಟೆಯಲ್ಲಿ, ಮೇಲಿನ ಅಂತಸ್ತುಗಳು ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿ ತಯಾರಾದವು. ನೀರಿನಡಿ ಹಳಿ ಇದೆ, ಹಡಗು ಅದನ್ನು ಬಿಟ್ಟು ಕದಲಲ್ಲ. ರಿಪೇರಿಗೆ ಒಣ ಕಟ್ಟೆ (ಡ್ರೈ ಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗು ನಿಲ್ಲಿಸೋ ಗುಂಡಿ) ಬೇಕೇ ಬೇಕು ಅಂತ ಫೌಲರ್ ಹಟ ಹಿಡಿದರು. ಒಳ್ಳೇ ಜಾಗ ನುಂಗಿತು ಅಂತ ಪಾರ್ಕ್ ಕಟ್ಟಿಸಿದ ವಾಲ್ಟ್ ಡಿಸ್ನಿ ಅದನ್ನು 'ಜೋನ ಗುಂಡಿ' ಅಂತ ಗೇಲಿ ಮಾಡಿದರಂತೆ. ಫೌಲರ್ ಹೇಳಿದ್ದೇ ಸರಿ: ಸಮುದ್ರಕ್ಕೆ ದಾರಿಯಿಲ್ಲದ ಕೊಳದಲ್ಲಿ ಹಡಗಿನ ತಳ ನೋಡೋದು ಇನ್ನು ಹೇಗೆ?

ಪಕ್ಕದ ಜಂಗಲ್ ಕ್ರೂಸ್ ಅನ್ನೋ ಕಾಡಿನ ದೋಣಿ ಸವಾರಿಯಲ್ಲೂ ದೋಣಿಗಳಿಗೆ ಹಳಿ. ಅದು ಕಾಣದಿರಲಿ ಅಂತ ನೀರಿಗೆ ಕಂದು ಬಣ್ಣ ಬೆರೆಸಿದರು. ಗಿಡಗಳ ಹೊಣೆ ಹೊತ್ತಿದ್ದ ಬಿಲ್ ಎವಾನ್ಸ್ ಕಿತ್ತ ಕಿತ್ತಳೆ ಮರಗಳನ್ನು ತಲೆಕೆಳಗಾಗಿ ನೆಟ್ಟರು. ಮೇಲೆದ್ದ ಬೇರುಗಳು ಯಾವುದೋ ಕಾಡುಮರದ ಕೊಂಬೆ ಥರ ಕಂಡವು. ನನಗೆ ಇಡೀ ಪಾರ್ಕಿನಲ್ಲಿ ತುಂಬ ಹಿಡಿಸಿದ್ದು ಇದೇ.

ಕೊನೇ ವಾರ ಮಾತ್ರ ಗಡಿಬಿಡಿ. ಪ್ಲಂಬರ್‌ಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಮುಗಿಸೋಕೆ ಆಗಲಿಲ್ಲ. ಶೌಚಾಲಯವೇ ಮೊದಲು ಅಂದರು ಡಿಸ್ನಿ. ಮೇನ್ ಸ್ಟ್ರೀಟಿನ ಡಾಂಬರು ಹಿಂದಿನ ರಾತ್ರಿ ಹಾಕಿದ್ದು, ಪೂರ್ತಿ ಗಟ್ಟಿಯಾಗಿರಲಿಲ್ಲ. ಮೇಲೆ 38 ಡಿಗ್ರಿ ಬಿಸಿಲು. ಉದ್ಘಾಟನೆಗೆ ಬಂದ ಹೆಂಗಸರ ಹೈ ಹೀಲ್ಸ್ ಅದರಲ್ಲಿ ಹೂತುಕೊಂಡವು.

ಇಂತಿ,
ಅಪ್ಪ