ಸೊನ್ನೆಯನ್ನು ಒರೆಸಬೇಡ

ಬಂಗಾರಪೇಟೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದನ್ನು ಅಕ್ಕನಿಗೆ ಹೇಳಿಲ್ಲ. ಕೆರೆ ನೀರು ಹಂಚುವ ನೀರುಗಂಟಿ ಇರುವ ಊರಿನ ಕೆರೆಗೂ ಇಲ್ಲದ ಊರಿನ ಕೆರೆಗೂ ವ್ಯತ್ಯಾಸ ಇರುತ್ತೆ ಅಂತ ನಂಬಿ ನೀನು ಸಂಶೋಧನೆಗೆ ಎರಡು ವರ್ಷ ಓಡಾಡಿದೆ. ಏನೂ ಕಾಣಲಿಲ್ಲ. ಈಗ ಇದನ್ನು ಬಿಟ್ಟು ಬೇರೆ ಸಂಶೋಧಕರು ಜಾಸ್ತಿ ಉಲ್ಲೇಖಿಸುವ ವಿಷಯ ಹಿಡಿಯುತ್ತೀನಿ ಅಂತೀಯ. ಸ್ವಲ್ಪ ತಾಳು.

ನಿಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದರಲ್ಲ, 1960ರ ಸುಮಾರಿಗೆ ಅಲ್ಲಿಗೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಇಳಿಯುತ್ತಿದ್ದರು. ಚಿನ್ನಕ್ಕಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ಬಂಡೆಯೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ಎಣಿಸಲು. ಕೆಳಗೆ ಹೋದಷ್ಟೂ ಎಣಿಕೆ ಇಳಿಯಿತು. 2,700 ಮೀಟರಿಗೂ ಕೆಳಗೆ ಸುಮಾರು ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಬರೀ ಸೊನ್ನೆ!

ನಾನಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದೆ. ಅವರಿಗೆ ಬೇರೆಯೇ ಹೊಳೆಯಿತು. ಮ್ಯೂಆನ್‌ಗಳ ಗದ್ದಲ ಇಷ್ಟು ಕಡಿಮೆ ಇದ್ದರೆ, ಯಾವ ಬಂಡೆಗೂ ಜಗ್ಗದ ನ್ಯೂಟ್ರಿನೊ ಅನ್ನುವ ಕಣ ಹುಡುಕಲು ಇದೇ ಸರಿಯಾದ ಜಾಗ ಅಲ್ವಾ? ಜಪಾನ್, ಇಂಗ್ಲೆಂಡಿನವರೂ ಸೇರಿಕೊಂಡರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಸಿಕ್ಕಿತು. ಎರಡೂ ಪ್ರಬಂಧಗಳು ಆಗಸ್ಟ್‌ನಲ್ಲೇ ಅಚ್ಚಾದವು, ನಮ್ಮದು ತುಸು ಮೊದಲು. (ನಮ್ಮದು ಅಂತ ನಾನೇಕೆ ಬೀಗುತ್ತೀನೋ! ನಾನು ಮಾರಿದ್ದು ಟೊಮೆಟೊ.)

ನಿನ್ನ ಸೊನ್ನೆಗೆ ಬರೋಣ. ಅದು ಯಾಕೆ ಬಂತು ಅಂತ ಕೇಳಿದೆಯಾ? ಊರೆಲ್ಲ ಬೋರ್‌ವೆಲ್ ಮೇಲೆ ನಿಂತಿದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕಡೆ ಎಷ್ಟೋ ಕೆರೆ ತುಂಬಿಸುತ್ತಿದೆ. ಆದರೆ ಅದು ಅಂತರ್ಜಲಕ್ಕೆ ಇಂಗಲು ಬಿಟ್ಟ ನೀರು, ಗದ್ದೆಗೆ ಹಾಯಿಸಲು ಅಲ್ಲ. ತೂಬೇ ತೆರೆಯದ ಮೇಲೆ ನೀರು ಹಂಚುವವನು ಇದ್ದರೇನು, ಇಲ್ಲದಿದ್ದರೇನು? ನನಗೆ ಹೀಗನ್ನಿಸುತ್ತೆ, ತಪ್ಪೂ ಇರಬಹುದು. ನೀನು ಹೋಗಿ ನೋಡು.

ನೀನೇ ಹೇಳುತ್ತಿದ್ದ ಎಲಿನಾರ್ ಆಸ್ಟ್ರಂ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಜನ ಕೂಡಿ ನೀರು, ಮೀನು ಕಾಪಾಡಿಕೊಂಡ ಕಡೆಗಳನ್ನಷ್ಟೇ ಬರೆಯಲಿಲ್ಲ. ಸೋತ ಕಡೆಗಳನ್ನೂ ಬರೆದರು. ನಿನ್ನ ಗೈಡ್‌ಗೆ ಇದನ್ನು ನೆನಪಿಸು. ಮೆತ್ತಗೆ.

ಭಾನುವಾರ ಬೆಳಗಿನ ರೈಲಿಗೆ ಬಾ. ನಮ್ಮ ಹಳೇ ನೀರುಗಂಟಿ ಇನ್ನೂ ಗಟ್ಟಿಯಾಗಿದ್ದಾರೆ, ಕಿವಿ ಮಾತ್ರ ಮಂದ. ಜೋರಾಗಿ ಕೇಳಬೇಕು. ತೂಬು ಕೊನೆಗೆ ಎತ್ತಿದ್ದು ಯಾವ ವರ್ಷ ಅಂತ ಅಲ್ಲಿಂದಲೇ ಶುರು ಮಾಡು.

ನಿನ್ನ ಮಾವ