ನೆನೆದ ಕಾಗದ ಮಾಳಿಗೆ ಮೇಲೆ ಹಾಕಬೇಡಿ

ಮಾನ್ಯರೇ,

ಮಲಪ್ರಭಾ, ಘಟಪ್ರಭಾ ದಂಡೆಯ ಊರುಗಳಲ್ಲಿ ನೆರೆ ಇಳಿದ ಮರುದಿನ ಹೊಲದ ಪತ್ರ, ಮದುವೆ ಆಲ್ಬಮ್, ಪುರಾಣದ ಹೊತ್ತಿಗೆ ಎಲ್ಲವೂ ಮಾಳಿಗೆಯ ಬಿಸಿಲಿಗೆ ಬೀಳುತ್ತವೆ. ನೀರಿನಲ್ಲಿ ಉಳಿದದ್ದು ಆ ಬಿಸಿಲಲ್ಲಿ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತ್ತು. ಕಲ್ಲು ತಡೆಯುತ್ತದೆ, ಮಳೆಗಾಲದ ಸೆಕೆಯಲ್ಲಿ ಒದ್ದೆ ಕಾಗದಕ್ಕಿರುವುದು ಎರಡೇ ದಿನ, ಆಮೇಲೆ ಬೂಸ್ಟು.

ಒದ್ದೆ ಪುಸ್ತಕವನ್ನು ತೆರೆಯಬಾರದು, ಹಿಂಡಬಾರದು. ಮುಚ್ಚಿದಂತೆಯೇ ಒತ್ತಿ ಹಿಡಿದು ಬೋಗುಣಿಯ ತಿಳಿನೀರಿನಲ್ಲಿ ಅದ್ದಿ ಕೆಸರು ತೆಗೆಯಿರಿ. ಶಾಯಿ ಬಿಡುವ ಕೈಬರಹಕ್ಕೆ ಮಾತ್ರ ಇದು ಬೇಡ. ಹತ್ತಿಪ್ಪತ್ತು ಪುಸ್ತಕವಾದರೆ ನೆರಳಲ್ಲಿ ನಿಲ್ಲಿಸಿ, ಫ್ಯಾನನ್ನು ಗೋಡೆಯತ್ತ ತಿರುಗಿಸಿ, ಹದಿನೈದಿಪ್ಪತ್ತು ಹಾಳೆಗೊಂದು ಅಚ್ಚಾಗದ ನ್ಯೂಸ್‌ಪ್ರಿಂಟ್ ಇಟ್ಟು ಬದಲಿಸುತ್ತಿರಬೇಕು. ಅಚ್ಚಾದ ಪತ್ರಿಕೆಯ ಮಸಿ ಒದ್ದೆ ಹಾಳೆಗೆ ಅಂಟುತ್ತದೆ. ಮಿರುಗುವ ಆರ್ಟ್ ಪೇಪರ್ ಒಮ್ಮೆ ಅಂಟಿಕೊಂಡು ಒಣಗಿತೋ, ಇಟ್ಟಿಗೆಯೇ.

ಫೋಟೋಗಳದ್ದು ತದ್ವಿರುದ್ಧ. ಒಂದಕ್ಕೊಂದು ಅಂಟಿದ ಫೋಟೋಗಳನ್ನು ಒಣಗಲು ಬಿಡದೆ ತಣ್ಣೀರಿನಲ್ಲೇ ಮುಳುಗಿಸಿಟ್ಟು ನೀರೊಳಗೇ ಬಿಡಿಸಬೇಕು. ಮುಖದ ಮೇಲಿನ ಜೆಲಟಿನ್ ಪದರ ಉಬ್ಬಿ ಮೆತ್ತಗಾಗಿರುತ್ತದೆ, ಬೆರಳು ತಾಗಿಸಿದರೆ ಮುಖವೇ ಕಿತ್ತುಬರುತ್ತದೆ. ಮೇಲ್ಮುಖವಾಗಿ ಹಾಸಿ ಒಣಗಿಸಿ.

ಮಠ, ಶಾನುಭೋಗರ ಮನೆಗಳಲ್ಲಿರುವುದು ಬೇರೆ ಬಗೆ. ಓಲೆಗರಿಯ ಅಕ್ಷರ ಕಂಟವೆಂಬ ಚೂಪು ಲೋಹದ ಕಡ್ಡಿಯಲ್ಲಿ ಕೊರೆದದ್ದು. ಮಸಿ ತೊಳೆದುಹೋದರೂ ಗೀರು ಉಳಿದಿರುತ್ತದೆ, ಮತ್ತೆ ಮಸಿ ತುಂಬಬಹುದು. ಕಡತ ಹಾಗಲ್ಲ. ಇಂದು ಕಚೇರಿ ಫೈಲಿಗೆ ಆ ಹೆಸರು ಬಂದಿದೆ. ಹಳೆಯ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಮಡಿಕೆ ಬಟ್ಟೆ. ಬಳಪದ ಬರಹ ಮೇಲಷ್ಟೇ ಕೂತಿರುತ್ತದೆ. ಕೆಸರೆಂದು ಒರೆಸಿದರೆ ಒರೆಸಿದ್ದು ಅಕ್ಷರವನ್ನೇ. ಅದನ್ನು ಮುಟ್ಟದೆ ಹಲಗೆಯ ಮೇಲೆ ನೆರಳಲ್ಲಿ ಆರಲು ಬಿಡಿ.

ಮದ್ದಳೆ, ತಬಲಾ ನೆನೆದಿದ್ದರೆ ಬಾರು ಸಡಿಲಿಸಿ. ಬಿಗಿದಿಟ್ಟರೆ ಒಣಗುವಾಗ ತೊಗಲು ಕುಗ್ಗಿ ಹರಿಯುತ್ತದೆ. ವೀಣೆಯನ್ನು ಬಿಸಿಲಿಗಿಟ್ಟರೆ ಮೆಟ್ಟಿಲು ಕೂರಿಸಿದ ಮೇಣವೇ ಇಳಿಯುತ್ತದೆ.

ಗ್ರಂಥಾಲಯದ ಮಟ್ಟದ ರಾಶಿಯಾದರೆ ಎರಡು ದಿನದಲ್ಲಿ ಒಣಗಿಸಲಾಗದು. ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಬೆನ್ನು ಕೆಳಗಾಗಿ ಕ್ರೇಟಿನಲ್ಲಿ ಒಂದೇ ಸಾಲು ಜೋಡಿಸಿ, ಮೈನಸ್ 18 ಡಿಗ್ರಿಗೆ ಹೆಪ್ಪುಗಟ್ಟಿಸಬೇಕು. ಅಲ್ಲಿಗೆ ಬೂಸ್ಟು ನಿಂತಿತು. ಆಮೇಲೆ ತಿಂಗಳುಗಟ್ಟಲೆ ಸಮಯವಿದೆ, ನಾಲ್ಕೈದರಂತೆ ತೆಗೆದು ಒಣಗಿಸಿಕೊಳ್ಳಬಹುದು. ಗಾಜಿನ ನೆಗೆಟಿವ್ ಮಾತ್ರ ಫ್ರೀಜರಿಗೆ ಹಾಕಬೇಡಿ. ಮೆಣಸಿನಕಾಯಿ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಸಾಲದು, ಅಲ್ಲಿನ ತಂಪು ಶೂನ್ಯಕ್ಕಿಂತ ಮೇಲೆ. ಬೇಕಾದದ್ದು ಐಸ್‌ಕ್ರೀಮ್ ಗೋದಾಮಿನ ಅಥವಾ ಮೀನಿನ ಫ್ರೀಜರ್, ಜನರೇಟರ್ ಸಮೇತ.

ಇನ್ನೊಂದು ತೊಡಕು ಪಂಚನಾಮೆ, ಪರಿಹಾರಕ್ಕಾಗಿ ಅಧಿಕಾರಿಗಳು ಹಾನಿಯನ್ನು ಕಂಡು ಬರೆದುಕೊಳ್ಳುವುದು. ಅದಾಗುವ ತನಕ ಏನೂ ಮುಟ್ಟಬಾರದೆಂದು ಜನ ಕಾಯುತ್ತಾರೆ, ಆ ಎರಡು ದಿನ ಅಲ್ಲೇ ಕಳೆಯುತ್ತದೆ. ಮೊಬೈಲಿನಲ್ಲಿ ತೆಗೆದ, ದಿನಾಂಕವಿರುವ ಫೋಟೋ ಸಾಕೆಂದು ಜಿಲ್ಲಾಧಿಕಾರಿಗಳು ಮೊದಲೇ ಆದೇಶಿಸಲಿ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಕೈಮಗ್ಗ, ಕರಕುಶಲದವರ ಸಲಕರಣೆಗೆ 5,000 ರೂಪಾಯಿ, ಸರಕಿಗೆ 5,000 ರೂಪಾಯಿ ಇದೆ. ಬಯಲಾಟದವರ ಕಿರೀಟ, ಭುಜಕೀರ್ತಿ, ವಾದ್ಯಗಳನ್ನೂ ಹೆಸರು ಹೇಳಿ ಸೇರಿಸಬೇಕು.

ಫ್ರೀಜರ್ ಯಾರದು, ಕೀಲಿ ಯಾರ ಹತ್ತಿರ ಎಂಬುದನ್ನು ತಾಲ್ಲೂಕು ಆಡಳಿತ ಜೂನ್‌ಗೆ ಮುಂಚೆ ಬರೆದಿಡಲಿ. ನೀರು ಬಂದ ಮೇಲೆ ಕೇಳಿದರೆ, ಮೀನಿನ ಪಕ್ಕ ಕೆಸರಿನ ಪುಸ್ತಕ ಇಡಲು ಯಾವ ಮಾಲೀಕನೂ ಒಪ್ಪುವುದಿಲ್ಲ.

— ಹಸ್ತಪ್ರತಿ ಸಂರಕ್ಷಣೆಯ ಕೆಲಸದವರು, ಧಾರವಾಡ